ಪಟ ನೋಡಿಕೊಂಡು ಹೋಗುವವರು

ನಮ್ಮೂರಿಗೆ ಕಾಡು ನೋಡಲು ಬರುವವರಿಗೆ ಹೋಟೆಲಿನ ತಾಯಕ್ಕ ನಾನು ಮೊದಲು ಕಾಫಿ ಕೊಡುತ್ತೇನೆ, ಆಮೇಲೆ ಬುದ್ಧಿ ಹೇಳುತ್ತೇನೆ. ಜೀಪಿನಲ್ಲಿ ಹೋಗಿ, ಕಣ್ತುಂಬ ನೋಡಿ, ಫೋಟೋ ತೆಗೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಊರು ಬಿಡುವ ಮುಂಚೆ ಎದುರಿನ ಗುರುಮಲ್ಲಪ್ಪನ ಸ್ಟುಡಿಯೋಕ್ಕೆ ಹೋಗಿ ಪಟ ಮಾಡಿಸಿ ಗೋಡೆಗೆ ಹಾಕಿಸಿ ಹೋಗಿ. ಫೋಟೋ ತೆಗೆಸಿಕೊಂಡ ಪ್ರಾಣಿ ತನ್ನ ಪಟ ನೋಡಲು ಬಂದೇ ಬರುತ್ತದೆ, ಅದು ಬರುವಷ್ಟರಲ್ಲಿ ಪಟ ಅಲ್ಲಿರಬೇಕು. ಇದನ್ನು ಕೇಳಿ ಕೆಲವರು ನಗುತ್ತಾರೆ. ನಿಮ್ಮ ಮದುವೆ ಆಲ್ಬಂ ಬಂದ ದಿನ ನೀವು ನೋಡದೆ ಮಲಗಿದಿರಾ ಎಂದು ಕೇಳಿದರೆ ನಗುವವರೂ ತೆಪ್ಪಗಾಗುತ್ತಾರೆ.

ಗೋಡೆ ಅಂದರೆ ಸ್ಟುಡಿಯೋದ ಪಕ್ಕದ ಉದ್ದನೆಯ ಗೋಡೆ, ನನ್ನ ಹೋಟೆಲಿಗೆ ನೇರ ಎದುರು. ಸುಣ್ಣ ಬಳಿದು ಮೊಳೆ ಹೊಡೆದಿದೆ, ಮುಂಗುಸಿಗೆ ಕಾಣುವ ಹಾಗೆ ಕೆಳಗೆ, ಕಾಡುಕೋಣಕ್ಕೆ ನಡುವೆ, ಆನೆಗೆ ಮೇಲೆ. ಬೆಳಕು ಹರಿಯುವಾಗ ನಾನು ಒಲೆ ಹಚ್ಚಿ ಹಿಟ್ಟು ಕಲಸುತ್ತಾ ತಲೆಯೆತ್ತಿದರೆ ಅಲ್ಲಿ ಯಾರಾದರೊಬ್ಬರು ನಿಂತಿರುತ್ತಾರೆ. ಹುಲಿ ತಪಾಸಣೆಗೆ ಬಂದ ಸಾಹೇಬರ ಹಾಗೆ ಒಂದೇ ಸಲ ನೋಡಿ ಹೊರಟುಬಿಡುತ್ತದೆ. ಚಿರತೆಗೆ ನಾಚಿಕೆ, ಓರೆಗಣ್ಣಿನಲ್ಲೇ ಮುಗಿಸುತ್ತದೆ. ನವಿಲು ಬಂತೆಂದರೆ ಕಥೆ ಮುಗಿಯಿತು, ಸ್ಕೂಲ್ ವ್ಯಾನು ಹಾರ್ನ್ ಹೊಡೆಯದೆ ಕಾಯಬೇಕು, ಮಕ್ಕಳಿಗೆ ಮೊದಲ ಪಿರಿಯಡ್ಡು ತಪ್ಪಿದ ಖುಷಿ. ಜಿಂಕೆಗಳ ಹಿಂಡಿನ ಫೋಟೋ ಮಾತ್ರ ತೆಗೆಯಬೇಡಿ ಎಂದು ನಾವು ಕೈಮುಗಿದು ಬೇಡಿಕೊಳ್ಳುತ್ತೇವೆ, ಯಾಕೆಂದರೆ ಪಟದಲ್ಲಿ ಎಷ್ಟು ತಲೆ ಇದೆಯೋ ಅಷ್ಟೂ ಬರುತ್ತವೆ, ಬಂದ ಮೇಲೆ ನನ್ನ ಕೊತ್ತಂಬರಿ ಸೊಪ್ಪಿನ ಕಟ್ಟುಗಳು ಒಂದೂ ಉಳಿಯುವುದಿಲ್ಲ.

ಪಟ ನೋಡಲು ಬಂದವರು ಯಾರಿಗೂ ತೊಂದರೆ ಕೊಟ್ಟಿಲ್ಲ. ನಾವೂ ಅವರನ್ನು ದಿಟ್ಟಿಸಿ ನೋಡುವುದಿಲ್ಲ, ಮಾತಾಡಿಸುವುದಿಲ್ಲ, ನಾಯಿಗಳನ್ನು ಕಟ್ಟಿಹಾಕಿ ನಮ್ಮ ಪಾಡಿಗೆ ನಾವಿರುತ್ತೇವೆ. ಗೋಡೆಯ ಮುಂದೆ ನಿಂತವರ ಫೋಟೋ ತೆಗೆಯುವ ಹಾಗಿಲ್ಲ. ಒಬ್ಬ ಪುಣ್ಯಾತ್ಮ ತನ್ನ ಪಟ ನೋಡುತ್ತಿದ್ದ ಕೋತಿಯ ಫೋಟೋ ತೆಗೆದ. ಅದನ್ನು ನೋಡಲು ಕೋತಿ ಮತ್ತೆ ಬಂತು, ಆಗಲೂ ತೆಗೆದ. ಹೀಗೇ ನಡೆದು ಆ ಕೋತಿ ಕಾಡಿಗೆ ಹೋಗುವುದನ್ನೇ ಬಿಟ್ಟು ನನ್ನ ಹೋಟೆಲಿನ ಸೂರಿನ ಮೇಲೆ ಸಂಸಾರ ಹೂಡಿತು. ಆ ಮಹಾರಾಯನ ಕ್ಯಾಮೆರಾ ಕಿತ್ತುಕೊಂಡು ಬಸ್ಸು ಹತ್ತಿಸಿದ ಮೇಲೆಯೇ ನಮಗೆ ನೆಮ್ಮದಿ ಸಿಕ್ಕಿದ್ದು.

ಗುರುಮಲ್ಲಪ್ಪನ ಬಗ್ಗೆ ಹೇಳಬೇಕು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದರೆ ಸ್ಟುಡಿಯೋ ಬಿಟ್ಟು ಹುಡುಗಿ ನೋಡಲು ಹೋಗುವುದಕ್ಕೆ ಪುರುಸೊತ್ತಾಗಲಿಲ್ಲ ಅನ್ನುತ್ತಾನೆ. ಮೂಗಿನ ತುದಿಯಲ್ಲೇ ಕೋಪ. ನನಗಿಂತ ಚಿಕ್ಕವನು, ಅದಕ್ಕೇ ಅವನಿಗೆ ಬೈಯುವ ಅಧಿಕಾರ ಈ ಊರಿನಲ್ಲಿ ನನಗೊಬ್ಬಳಿಗೇ ಇರುವುದು. ಅವನ ಅಂಗಿಗೆ ಗುಂಡಿ ಇರುವುದಿಲ್ಲ, ಆದರೆ ಗೋಡೆಯ ಮೇಲಿನ ಪಟ ಒಂದು ಕೂದಲೆಳೆ ವಾಲಿದರೂ ಅವನಿಗೆ ಊಟ ಸೇರುವುದಿಲ್ಲ. ಒಮ್ಮೆ ಕರಡಿಯೊಂದು ಪಟ ನೋಡಿ ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಿತ್ತು. ಇವನು ಅದರ ಪಕ್ಕದಲ್ಲೇ ಕೂತು ಆ ಪಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಣ್ಣು ಕಪ್ಪಿನಲ್ಲಿ ಮುಳುಗಿಹೋಗಿದೆ ಕಣೋ, ತಪ್ಪು ನಂದೇ ಎಂದು ಎದ್ದು ಹೋಗಿ ತಿಳಿಯಾಗಿ ಇನ್ನೊಂದು ಮಾಡಿ ತಂದ. ಕರಡಿ ನೋಡಿತು, ಹೋಯಿತು. ಅವತ್ತಿನಿಂದ ಅವನಿಗೆ ತಲೆ ನಿಲ್ಲಲಿಲ್ಲ.

ಅದೇ ಮುಂದೆ ಎಡವಟ್ಟಾಯಿತು. ಮೊದಲೆಲ್ಲ ತೆಗೆದ ಪ್ರತಿಯೊಂದು ಫೋಟೋ ಗೋಡೆ ಹತ್ತುತ್ತಿತ್ತು. ಈಗ ಬರುವವರು ಒಂದು ಸಲ ಗುಂಡಿ ಒತ್ತಿದರೆ ಕ್ಯಾಮೆರಾ ಬಡಬಡನೆ ರಾಶಿ ಫೋಟೋ ತೆಗೆದು ಗುಡ್ಡೆ ಹಾಕುತ್ತದೆ. ಎಲ್ಲವನ್ನೂ ಎಲ್ಲಿ ಹಾಕುವುದು ಎಂದು ಗುರುಮಲ್ಲಪ್ಪ ಒಂದು ಪ್ರಾಣಿಗೆ ಒಂದೇ ಪಟ, ಚೆನ್ನಾಗಿರುವುದನ್ನು ಆರಿಸಿ ಹಾಕಲು ಶುರುಮಾಡಿದ. ಪ್ರಾಣಿಗಳು ತಕರಾರು ಮಾಡಲಿಲ್ಲ. ಬರುಬರುತ್ತಾ ಅವನಿಗೆ ಚೆಂದದ ಪಟಗಳ ಚಟ ಹತ್ತಿತು. ಇದು ಗೋಡೆಗೆ ಲಾಯಕ್ಕಲ್ಲ ಎನ್ನುವ ಮಾತು ಅವನ ಬಾಯಿಂದ ನಾನು ಕೇಳಿದ್ದು ಆಗಲೇ.

ಆ ಬೇಸಿಗೆಯಲ್ಲಿ ನಿವೃತ್ತ ಟೀಚರುಗಳ ಒಂದು ತಂಡ ಕಾಡಂಚಿನ ಲಾಡ್ಜಿಗೆ ಬಂದಿತ್ತು. ಎಲ್ಲರ ತಲೆಗೂ ಒಂದೇ ಥರದ ಹೊಸ ಟೋಪಿ, ಕಾಲಿಗೆ ಹೊಸ ಬೂಟು, ಬಾಯಿಗೆ ಬಿಡುವಿಲ್ಲ. ಬೆಳಗಿನ ಜೀಪಿನಲ್ಲಿ ಹೋದವರು ನನ್ನ ಹೋಟೆಲಿಗೆ ಬಂದು ಇಡ್ಲಿ ತಿನ್ನುತ್ತಾ ಏನೇನು ಕಂಡಿತೆಂದು ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು. ಕೆಂಜಳಿಲು ಮರದಿಂದ ಮರಕ್ಕೆ ಹಾರಿದ್ದು, ಸೀಳುನಾಯಿಗಳು ದಾರಿಗಡ್ಡವಾಗಿ ಮಲಗಿದ್ದು, ಕೆರೆಯ ಹತ್ತಿರ ಹರ್ಕಿವಿ ಕಂಡಿದ್ದು. ಹರ್ಕಿವಿ ಅಂದರೆ ಎಡಗಿವಿ ಹರಿದ ಹೆಣ್ಣಾನೆ, ನಮಗೆಲ್ಲ ಪರಿಚಯದವಳು. ಆ ವರ್ಷ ಅವಳಿಗೆ ಮರಿಯಾಗಿತ್ತು. ಬಹಳ ದಿನ ಮಕ್ಕಳಾಗದೆ ಕೊನೆಗೆ ಹೆತ್ತವಳು, ಮರಿಯನ್ನು ಯಾರ ಕಣ್ಣಿಗೂ ಬೀಳಿಸುತ್ತಿರಲಿಲ್ಲ. ಜೀಪಿನ ಸದ್ದು ಕೇಳಿದರೆ ಹೊಟ್ಟೆಯಡಿಗೆ ತಳ್ಳಿ ಕಾಲುಗಳ ನಡುವೆ ಮರೆಮಾಡಿಕೊಳ್ಳುತ್ತಿದ್ದಳು.

ಅದೇ ಜೀಪಿನಲ್ಲಿ ಗಡ್ಡದ ಸಾಹೇಬರೊಬ್ಬರು, ತೋಳುದ್ದದ ಲೆನ್ಸಿನವರು, ಹರ್ಕಿವಿ ಮೈಮೇಲೆ ಧೂಳು ಎರಚಿಕೊಳ್ಳುವ ಫೋಟೋ ತೆಗೆದಿದ್ದರು. ಹಿಂದಿನ ಸೀಟಿನಲ್ಲಿದ್ದ ಜಯಶೀಲ ಟೀಚರೂ ಒಂದು ತೆಗೆದಿದ್ದರು. ಅವರದು ತಮ್ಮನ ಮಗ ಹೊಸದು ಕೊಂಡಾಗ ಕೊಟ್ಟುಹೋದ ಅಂಗೈಯಗಲದ ಹಳೇ ಕ್ಯಾಮೆರಾ, ಅದರಲ್ಲಿ ಅವರು ತೆಗೆದ ಮೊದಲನೇ ಫೋಟೋ. ಇಬ್ಬರೂ ಸ್ಟುಡಿಯೋಕ್ಕೆ ಹೋದರು. ಸಾಹೇಬರ ಪಟ ಕಂಡು ಗುರುಮಲ್ಲಪ್ಪ ಮೈಮರೆತ, ಬೆಳಗಿನ ಬಿಸಿಲಿನಲ್ಲಿ ಧೂಳೆಲ್ಲ ಬಂಗಾರದ ಬಣ್ಣ, ನಡುವೆ ಸೊಂಡಿಲೆತ್ತಿದ ಆನೆ. ಆಮೇಲೆ ಟೀಚರ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದ. ಕೈ ನಡುಗಿದೆ, ಜೀಪು ಕುಲುಕಿದೆ, ಎಲ್ಲ ಕಲಸಿಹೋಗಿದೆ. ಅವನು ಕಾರ್ಡು ತೆಗೆದು ವಾಪಸು ಕೊಟ್ಟ.

"ಇದೇನ್ರೀ ಟೀಚರ್, ಬೂದಿ ಗುಡ್ಡೆ ತೆಗ್ದಿದ್ದೀರಿ. ಇದನ್ನ ಹಾಕಿದ್ರೆ ಗೋಡೆ ಮರ್ಯಾದೆ ಹೋಯ್ತದೆ. ಆ ಆನೆಗೆ ಸಾಹೇಬರ ಪಟ ಆಯ್ತಲ್ಲ, ಬುಡಿ."

ಜೊತೆಯವರೆಲ್ಲ ಗೊಳ್ಳೆಂದು ನಕ್ಕರಂತೆ. ಟೀಚರೂ ನಕ್ಕರಂತೆ. ಆದರೆ ಬಸ್ಸಿಗೆ ಕಾಯುತ್ತಾ ನನ್ನ ಹೋಟೆಲಿನ ಮೂಲೆಯಲ್ಲಿ ಕೂತಾಗ ಅವರ ಕಾಫಿ ಹಾಗೇ ಆರಿತು. ಏನಾಯಿತಮ್ಮ ಎಂದು ಕೇಳಿದೆ. ಕ್ಯಾಮೆರಾ ನನ್ನ ಕೈಗೆ ಕೊಟ್ಟು, ನೋಡಿ, ನಿಮಗಾದರೂ ಕಾಣುತ್ತದಾ ಎಂದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲು ನನಗೂ ಬೂದಿ ಗುಡ್ಡೆಯೇ ಕಂಡಿದ್ದು, ಸುಳ್ಳು ಯಾಕೆ ಹೇಳಲಿ. ಟೀಚರು ಬೆರಳಿಟ್ಟು ತೋರಿಸಿದರು. ಆನೆಯ ಹೊಟ್ಟೆಯಡಿಯಲ್ಲಿ ಒಂದು ಕಂದು ಮಸುಕು, ಕೆಳಗೆ ಪುಟ್ಟ ಕಾಲುಗಳು, ಒಂದು ಕಿವಿ. ಅದು ಇಣುಕಿ ನನ್ನನ್ನು ನೋಡಿತು ತಾಯಕ್ಕ, ಯಾರೂ ನೋಡಲಿಲ್ಲ, ಎಲ್ಲರೂ ಧೂಳು ನೋಡುತ್ತಿದ್ದರು ಎಂದರು. ಬಸ್ಸು ಬಂತು, ಹೋದರು. ಅವರ ಮುಖ ನನ್ನ ಮನಸ್ಸಿನಲ್ಲೇ ಉಳಿಯಿತು.

ಅದೇ ವಾರ ಮರಿ ಸತ್ತಿತು. ಫಾರೆಸ್ಟ್ ವಾಚರ್ ಕ್ಯಾತಯ್ಯ ಟೀ ಕುಡಿಯಲು ಬಂದವನು ಹೇಳಿದ, ಏನೋ ಕಾಯಿಲೆ, ಬೇಗ ಹೋಯಿತು, ಹಿಂಡಿನವರೆಲ್ಲ ಸುತ್ತ ನಿಂತು ಸೊಂಡಿಲಿನಿಂದ ಸವರಿ ಸವರಿ ಕೊನೆಗೆ ಸೊಪ್ಪು ಮುಚ್ಚಿ ಹೋದರು, ಹರ್ಕಿವಿ ಮಾತ್ರ ಹೋಗಿಲ್ಲ ಎಂದ. ಅವಳು ಹಿಂಡು ಸೇರದಿದ್ದರೆ ಕಷ್ಟ, ನೀರಿಲ್ಲದ ಈ ಬೇಸಿಗೆಯಲ್ಲಿ ಒಂಟಿಯಾಗಿ ಉಳಿದ ಹೆಣ್ಣಾನೆ ಬದುಕುವುದು ಕಷ್ಟ ಎಂದ. ಹಿಟ್ಟು ಕಲಸುತ್ತಿದ್ದ ನನ್ನ ಕೈ ನಿಂತುಬಿಟ್ಟಿತು.

ಮರುದಿನ ಬೆಳಗ್ಗೆ ಹರ್ಕಿವಿ ಗೋಡೆಯ ಮುಂದಿದ್ದಳು. ಅವಳಿಗೆಂದು ಹಾಕಿದ್ದ ಧೂಳಿನ ಪಟದ ಮುಂದೆ ನಿಂತು ನೋಡಿದಳು. ಆಮೇಲೆ ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ಪಟ ನೋಡುತ್ತಾ ಬಂದಳು, ಮುಂಗುಸಿಯ ಪಟವನ್ನೂ ಬಾಗಿ ನೋಡಿದಳು, ಮತ್ತೆ ಮೊದಲ ಜಾಗಕ್ಕೆ ಹೋಗಿ ನಿಂತಳು. ಬೇರೆಯವರಾದರೆ ಅಷ್ಟರಲ್ಲಿ ಹೋಗಿರುತ್ತಿದ್ದರು. ಅವಳು ಹೋಗಲಿಲ್ಲ. ಬಿಸಿಲೇರಿತು, ಬಸ್ಸುಗಳು ಹಿಂದಿನ ಬೀದಿಯಿಂದ ಸುತ್ತಿ ಹೋದವು. ನಾವು ಡ್ರಮ್ಮಿನಲ್ಲಿ ನೀರಿಟ್ಟೆವು, ಬಾಳೆದಿಂಡು, ಹಲಸಿನ ಹಣ್ಣು ತಂದು ಹಾಕಿದೆವು. ಒಂದನ್ನೂ ಮೂಸಲಿಲ್ಲ.

ಗುರುಮಲ್ಲಪ್ಪನಿಗೆ ಕೈಕಾಲು ಆಡಲಿಲ್ಲ. ಪಟ ಸಣ್ಣದಾಯಿತೇನೋ ಎಂದು ಅದೇ ಧೂಳಿನ ಪಟವನ್ನು ಬಾಗಿಲಗಲ ಮಾಡಿಸಿ ತೂಗುಹಾಕಿದ. ಅವಳು ಕಣ್ಣೆತ್ತಿ ನೋಡಿ ತಲೆ ತಗ್ಗಿಸಿದಳು. ಬಣ್ಣ ಬದಲಿಸಿದ, ಹರಿದ ಕಿವಿ ಚೆನ್ನಾಗಿ ಕಾಣುವ ಹಾಗೆ ಮಾಡಿದ. ಏನು ಮಾಡಿದರೂ ಅವಳು ಅಲ್ಲೇ. ಇಷ್ಟು ಚೆಂದದ ಪಟ ಈ ಗೋಡೆ ಕಂಡಿಲ್ಲ, ಇವಳಿಗೆ ಇನ್ನೇನು ಬೇಕಂತೆ ಎಂದು ನನ್ನ ಹೋಟೆಲಿಗೆ ಬಂದು ಕೂಗಾಡಿದ.

ನನಗೆ ಎಲ್ಲಿತ್ತೋ ಸಿಟ್ಟು. ಸೌಟು ಕೆಳಗಿಟ್ಟು ಅವನ ಮುಂದೆ ನಿಂತೆ.

"ಮರಿ ಬೇಕು ಕಣೋ ಅವಳಿಗೆ. ನಿನ್ನ ಧೂಳು ಕಟ್ಕೊಂಡು ಏನು ಮಾಡ್ತಾಳೆ? ಟೀಚರು ತಂದಿದ್ರಲ್ಲ ಬೂದಿ ಗುಡ್ಡೆ, ಅದರೊಳಗೆ ಮರಿ ಇತ್ತು. ನಾನೇ ನೋಡ್ದೆ, ಈ ಕಣ್ಣಲ್ಲಿ."

ಅವನು ಬೆಂಚಿನ ಮೇಲೆ ಕೂತ. ಎದುರಿಗೆ ಆನೆ, ಆನೆಯ ಹಿಂದೆ ಅವನ ಗೋಡೆ. ಮುಖ ಸುಣ್ಣದ ಹಾಗಾಗಿತ್ತು. ಒಂದು ಲೋಟ ನೀರು ಕೊಟ್ಟೆ, ಕುಡಿದ. ಬೈದಿದ್ದಕ್ಕೆ ನನಗೂ ಪಾಪ ಅನ್ನಿಸಿತು, ಆದರೆ ಹೇಳಲಿಲ್ಲ. ಲಾಡ್ಜಿನವರನ್ನು ಹಿಡಿದು ಟೀಚರ ನಂಬರು ತರಿಸಿ ಅವನ ಕೈಗೇ ಫೋನು ಕೊಟ್ಟೆ, ನೀನೇ ಮಾತಾಡು ಎಂದೆ. ಅವನು ಗಂಟಲು ಸರಿಮಾಡಿಕೊಂಡ.

"ಟೀಚರ್, ನಾನು ಸ್ಟುಡಿಯೋ ಗುರುಮಲ್ಲಪ್ಪ. ಆ ಪಟ ಇನ್ನೂ ನಿಮ್ಮತ್ರ ಅದಾ?"

"ಯಾವ ಪಟ?"

"ನಾನು ಬೂದಿ ಗುಡ್ಡೆ ಅಂದಿದ್ನಲ್ಲ, ಅದು."

ಆ ಕಡೆಯಿಂದ ಚೀಲ ತಡಕುವ ಸದ್ದು ಕೇಳಿತು. ಅವರು ಸಿಟ್ಟಿನಲ್ಲಿ ಅಳಿಸಿಹಾಕಿದ್ದರೆ ಮುಗಿಯಿತು. ಹರ್ಕಿವಿ ಅಲ್ಲೇ ಕಾಲು ಮಡಿಚಿ ಬೀಳುವುದನ್ನು ನಾವು ನೋಡಬೇಕಿತ್ತು. ನಾನೂ ಫೋನಿಗೆ ಕಿವಿಯಾನಿಸಿ ನಿಂತಿದ್ದೆ.

"ಇದೆ. ಅಳಿಸೋಣ ಅಂದ್ಕೊಂಡೆ, ಹೇಗೆ ಅಳಿಸೋದು ಅಂತ ನಂಗೆ ಗೊತ್ತಾಗ್ಲಿಲ್ಲ," ಎಂದರು ಟೀಚರು.

ಗುರುಮಲ್ಲಪ್ಪ ತಡೆತಡೆದು ವಿಷಯವೆಲ್ಲ ಹೇಳಿದ. ತಪ್ಪಾಯಿತು ಎನ್ನುವ ಮಾತು ಮಾತ್ರ ಅವನ ಬಾಯಿಂದ ಹೊರಡಲಿಲ್ಲ. ಟೀಚರು ಅದಕ್ಕೆ ಕಾಯಲಿಲ್ಲ. ಕ್ಯಾಮೆರಾದಿಂದ ತೆಗೆದು ಕಳಿಸುವುದೆಲ್ಲ ತಮಗೆ ಬರುವುದಿಲ್ಲ, ತಮ್ಮನ ಮಗ ಊರಿನಲ್ಲಿಲ್ಲ, ಅದನ್ನೇ ಹಿಡಿದುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ, ಅವಳನ್ನು ಅಲ್ಲಿಯವರೆಗೆ ನೋಡಿಕೊಳ್ಳಿ ಎಂದು ಫೋನಿಟ್ಟರು.

ಮರುದಿನ ಹರ್ಕಿವಿಯ ಕಾಲು ನಡುಗುತ್ತಿತ್ತು. ಮೈಭಾರವನ್ನು ಗೋಡೆಯ ಮೂಲೆಗೆ ಕೊಟ್ಟು ನಿಂತಿದ್ದಳು. ಬಾಳೆದಿಂಡು ಬಿಸಿಲಿಗೆ ಬಾಡಿತ್ತು. ಕ್ಯಾತಯ್ಯ ಬಂದು ನೋಡಿದ, ಹಿಂಡು ಹೊಳೆಯ ಕಡೆಗೆ ತಿರುಗಿದೆ, ಇವತ್ತು ಹೊರಟರೆ ಸೇರಿಕೊಳ್ಳಬಹುದು, ಆಮೇಲೆ ಅವಳಿಂದಾಗದು ಎಂದು ಹೇಳಿ ತಲೆಯಾಡಿಸಿದ. ಗುರುಮಲ್ಲಪ್ಪ ಬಕೆಟ್ಟು ಹಿಡಿದು ಅವಳ ಕಾಲಿಗೆ ನೀರೆರಚುತ್ತಾ ನಿಂತಿದ್ದ. ಮಾತಾಡಿಸಬಾರದೆಂಬ ನಿಯಮ ಇಟ್ಟುಕೊಂಡವನೇ ಅವಳ ಹತ್ತಿರ ಏನೇನೋ ಗೊಣಗುತ್ತಿದ್ದ, ಬರ್ತಾರೆ ಕಣವ್ವ, ಇನ್ನೇನು ಬಂದೇಬಿಟ್ರು ಅಂತ. ಅವನು ಹಾಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದೆ.

ಮಧ್ಯಾಹ್ನ ಟೀಚರು ಬಂದರು. ಬಸ್ಸು ಬೀದಿಯ ತುದಿಯಲ್ಲೇ ನಿಂತಿತು, ಅವರು ಕೊಡೆ ಮಡಚಿ ಕಂಕುಳಿಗಿಟ್ಟುಕೊಂಡು ಆನೆಯ ಪಕ್ಕದಲ್ಲೇ ತಲೆ ತಗ್ಗಿಸಿ ನಡೆದು ಬಂದರು. ಈ ಸಲ ಟೋಪಿ ಇರಲಿಲ್ಲ. ನಾನು ಮಜ್ಜಿಗೆ ಹಿಡಿದುಕೊಂಡು ಹಿಂದೆಯೇ ಸ್ಟುಡಿಯೋಕ್ಕೆ ಹೋದೆ. ಗುರುಮಲ್ಲಪ್ಪ ಕಾರ್ಡು ಹಾಕಿದ, ಪಟ ಪರದೆಯ ಮೇಲೆ ಬಂತು. ಬಹಳ ಹೊತ್ತು ನೋಡಿದ. ಆ ಕಂದು ಮಸುಕು, ಪುಟ್ಟ ಕಾಲುಗಳು, ಒಂದು ಕಿವಿ. ಅಭ್ಯಾಸ ಬಿಡಬೇಕಲ್ಲ, ಸ್ವಲ್ಪ ಬೆಳಕು ಕೊಟ್ಟು ತಿದ್ದಿದರೆ ಮರಿ ಸ್ಪಷ್ಟ ಆಗ್ತದೇನೋ ಎಂದು ಮೌಸಿಗೆ ಕೈಹಾಕಿದ. ಬೆಳಕು ಕೊಟ್ಟಷ್ಟೂ ಮರಿ ಕರಗಿಹೋಗುತ್ತಿತ್ತು. ಕೈ ತೆಗೆದ. ಇದ್ದದ್ದು ಇದ್ದ ಹಾಗೇ ಇರಲಿ ಎಂದು ಟೀಚರು ಮೆಲ್ಲಗೆ ಹೇಳಿದರು.

ಗುರುಮಲ್ಲಪ್ಪ ಪ್ರಿಂಟು ತೆಗೆದದ್ದು ಆನೆಯ ಕಣ್ಣಿಗೆ ಸರಿಯಾಗುವಷ್ಟು ದೊಡ್ಡದಾಗಿ. ಹಾಗೆ ತೆಗೆದ ಪಟವನ್ನು ಒಣಗಿಸಿ, ಗಾಜು ಕತ್ತರಿಸಿ, ಚೌಕಟ್ಟು ಕಟ್ಟಿಯೇ ಗೋಡೆಗೆ ಹಾಕುವುದು ಅವನ ಪದ್ಧತಿ, ಬಂದವರ ಉಸಿರು ತಾಗಿ ಬಣ್ಣ ಹೋಗಬಾರದೆಂದು. ಅಷ್ಟರಲ್ಲಿ ಹೊರಗೆ ಜನ ಅಯ್ಯೋ ಅಂದರು. ಹರ್ಕಿವಿಯ ಮುಂಗಾಲು ಮಡಿಚಿತ್ತು. ಗುರುಮಲ್ಲಪ್ಪ ಗಾಜನ್ನು ಅಲ್ಲೇ ಬಿಟ್ಟು, ಹಸಿ ಪಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿದ. ಮೊಳೆಗೆ ಸಿಕ್ಕಿಸುವಷ್ಟು ವ್ಯವಧಾನ ಇರಲಿಲ್ಲ. ಅವಳ ಮುಂದೆ ಮಂಡಿಯೂರಿ ಪಟವನ್ನು ಎದೆಗೆ ಹಿಡಿದು ಕೂತ.

ಅವಳು ನೋಡಿದಳು. ನಾವೆಲ್ಲ ನಿಯಮ ಮರೆತು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆವು. ಅವಳು ಸೊಂಡಿಲು ಚಾಚಿದಳು. ಗುರುಮಲ್ಲಪ್ಪ ಇಷ್ಟು ವರ್ಷ ಯಾವ ಪ್ರಾಣಿಗೂ ಪಟ ಮುಟ್ಟಲು ಬಿಟ್ಟವನಲ್ಲ, ಅವನ ಒಂದು ಕೈ ತಡೆಯಲು ಮೇಲಕ್ಕೆದ್ದದ್ದನ್ನು ನಾನು ನೋಡಿದೆ. ಎದ್ದ ಕೈ ಹಾಗೇ ಕೆಳಗಿಳಿಯಿತು. ಸೊಂಡಿಲಿನ ಒದ್ದೆ ತುದಿ ಪಟದ ಮೇಲೆ ಓಡಾಡಿತು, ಹೊಟ್ಟೆಯಡಿಯ ಆ ಮಸುಕಿನ ಹತ್ತಿರ ಬಂದು ನಿಂತಿತು. ಅಲ್ಲೇ ಸವರಿತು, ಮತ್ತೆ ಸವರಿತು, ಮೆಲ್ಲಗೆ, ಎಳೆಗೂಸಿನ ತಲೆ ನೇವರಿಸುವ ಹಾಗೆ. ಆರದ ಬಣ್ಣ ಸೊಂಡಿಲಿಗೆ ಹತ್ತಿತು. ಕಾಲುಗಳು ಹೋದವು, ಕಿವಿ ಹೋಯಿತು, ಕೊನೆಗೆ ಅಲ್ಲಿ ಬರೀ ಬಿಳಿ ಕಾಗದ ಉಳಿಯಿತು. ಅವಳು ಆ ಕಂದು ಹತ್ತಿದ ತುದಿಯನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು.

ಆಮೇಲೆ ಎದ್ದಳು. ಗೋಡೆಗೆ ಮೈಕೊಟ್ಟು, ತಡವರಿಸಿ, ನಾಲ್ಕೂ ಕಾಲಿನ ಮೇಲೆ ನಿಂತಳು. ಡ್ರಮ್ಮಿನ ನೀರು ಪೂರಾ ಖಾಲಿ ಮಾಡಿದಳು, ಬಾಡಿದ ಬಾಳೆದಿಂಡಿನಲ್ಲಿ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಹೊಳೆಯ ಕಡೆಯ ದಾರಿ ಹಿಡಿದಳು. ಕ್ಯಾತಯ್ಯ ದೂರದಿಂದ ಹಿಂದೆಯೇ ಹೋದ. ಸಂಜೆ ವಾಪಸು ಬಂದು, ಹಿಂಡು ಅವಳನ್ನು ನಡುವೆ ಹಾಕಿಕೊಂಡಿತು ಎಂದು ಹೇಳಿದಾಗ ನಾನು ಇಡೀ ಬೀದಿಗೆ ಕಾಫಿ ಕೊಟ್ಟೆ.

ಹರ್ಕಿವಿ ಅತ್ತ ಹೊರಟಾಗ ಗುರುಮಲ್ಲಪ್ಪ ಮಾತ್ರ ಎದ್ದಿರಲಿಲ್ಲ. ಆ ಪಟ ಹಿಡಿದುಕೊಂಡು ಅಲ್ಲೇ ಧೂಳಿನಲ್ಲಿ ಕೂತಿದ್ದ, ಅಂಗಿಗೆಲ್ಲ ಇಂಕು. ಜಯಶೀಲ ಟೀಚರು ಹತ್ತಿರ ಹೋಗಿ ನಿಂತರು. ಅವನು ತಲೆಯೆತ್ತಿ ನೋಡಿ, ಫೋನಿನಲ್ಲಿ ಹೊರಡದ ಮಾತನ್ನು ಕೊನೆಗೂ ಆಡಿದ.

"ತಪ್ಪಾಯ್ತು ಟೀಚರ್. ನಿಮ್ಮ ಪಟ ಹಾಳಾಗೋಯ್ತು. ಒಳಗೆ ಬನ್ನಿ, ಮರಿ ಇರೋ ಹಂಗೆ ಹೊಸದೊಂದು ತೆಕ್ಕೊಡ್ತೀನಿ."

ಟೀಚರು ಅವನ ಕೈಯಿಂದ ಪಟ ತೆಗೆದುಕೊಂಡು ನಡುವಿನ ಬಿಳಿ ಜಾಗವನ್ನು ನೋಡಿದರು. ಒದ್ದೆಯಾದ ಮೂಲೆಯನ್ನು ಸೆರಗಿನಿಂದ ಒತ್ತಿದರು.

"ಬೇಡ," ಎಂದರು. "ಮರೀನ ಅವರಮ್ಮ ಕರ್ಕೊಂಡು ಹೋದಳಲ್ಲ."